ಗೌರವ್ವ ಉರ್ಫ್ ಗೋದಾವರಿಬಾಯಿ

ಸಂಖದಿಂದ ಸಾಂಗಲಿಗೆ ನಸುಕಿನ ಎಸ್ಟಿ.
ಉಡಿಯೊಳಗ ಪ್ಲಾಸ್ಟಿಕ್ ಚೀಲ, ಚೀಲದಾಗ
ಅವರ ಡಿಸ್ಚಾರ್ಜ್ ಬುಕ್ಕು, ಸಾವಿನ ದಾಖಲೆ,
ನನ್ನ ಆಧಾರ್ ಕಾರ್ಡು, ನಾಕು ರೊಟ್ಟಿ.
ಹಿಂಡಿ ಎಣ್ಣಿ ಬುಕ್ಕಿಗೆ ಹತ್ತಬಾರದಂತ
ಮೊಮ್ಮಗ ಬ್ಯಾರೆ ಹಾಳ್ಯಾಗ ಸುತ್ಯಾನ.

ಬುಕ್ಕಿನಾಗ ಎಲ್ಲಾ ಖರೆ ಐತಿ.
ಎತ್ತರ ಐದು ಫೂಟು ಆರು ಇಂಚು, ಖರೆ.
ಎಡಹುಬ್ಬಿನ ಮ್ಯಾಲ ಗಾಯದ ಕಲೆ, ಖರೆ,
ಸಣ್ಣವರಿದ್ದಾಗ ಟಗರು ಹಾಯ್ದದ್ದು.
ನಡತೆ: ಅತ್ಯುತ್ತಮ. ಅದೂ ಖರೇನ ಅನ್ರಿ,
ಕುಡದಾಗಿಂದು ಯಾರೂ ಬರದಿಲ್ಲ.
ಹೆಂಡತಿ ಹೆಸರಿನ ಮುಂದ ಮಾತ್ರ
ಗೋದಾವರಿಬಾಯಿ.

ಯಾವನೋ ಕ್ಲರ್ಕ ಹಿಂದಿಯೊಳಗ ಕೇಳ್ಯಾನ,
ಇವರು ನಮ್ಮ ಮಾತಿನಾಗ ಹೇಳ್ಯಾರ,
ಬಾಯಾಗ ಎಲಿಅಡಕಿ ಇತ್ತೋ ಏನೋ,
ಅಂವಗ ನದಿ ಕೇಳಿಸೈತಿ.

ಅವರಿಗೆ ಗೊತ್ತಿತ್ತು. ತಿದ್ದಸಲಿಲ್ಲ.
ಸೂಟಿಗೆ ಬಂದಾಗ ನಾ ಸಿಟ್ಟ ಮಾಡಿದ್ರ
"ಗೋದಾವರಿ ಹಿಂಗ ಮಾತಾಡೂದಿಲ್ಲ ನೋಡು" ಅಂತಿದ್ರು.
ಒಮ್ಮೆ ಕಾಗದದಾಗೂ ಬರದ್ರು:
"ಗೋದಾವರಿಗೆ ಬರ್ಫ ಬೀಳೂದು ತೋರಿಸೀನಿ,
ನಿನಗ ಯಾವಾಗೋ."
ಓದಿ ಹೇಳತಿದ್ದ ಮಾಸ್ತರು ಗಪ್ಪನ ನಿಂತು
ಕನ್ನಡಕದ ಮ್ಯಾಲಿಂದ ನನ್ನ ನೋಡಿದ್ರು.
ಓಣ್ಯಾಗ ಎಂಟು ದಿನ ಅದ ಸುದ್ದಿ,
ಅಮೋಗ್ಯಾ ಗುಡ್ಡದ ಕಡೆ ಇನ್ನೊಬ್ಬಾಕಿನ್ನ ಇಟ್ಟಾನಂತ.
ನಮ್ಮತ್ತಿ ಅಂತೂ ಆಕಿಗಂತನ
ಒಂದು ಇಳಕಲ್ ಸೀರಿ ತಗದ ಇಟ್ಟಿದ್ಲು.

ಈಗ ಪಿಂಚಣಿ ಆಕಿ ಹೆಸರಿನ ಮ್ಯಾಲ ನಿಂತೈತಿ.
ಎರಡು ವರ್ಷ ಆತು. ಬ್ಯಾಂಕಿನವರು
ಗೋದಾವರಿಬಾಯಿನ್ನ ಕರಕೊಂಡ ಬರ್ರಿ ಅಂತಾರ.
ಎಲ್ಲಿಂದ ತರಲಿ?

ಸೈನಿಕ ಆಫೀಸಿನಾಗ ಮರಾಠಿ ಸಾಹೇಬ, ಚೊಲೋ ಮನಷ್ಯಾ,
ತಾನೂ ಒಂದು ಕಾಲು ಎಳೀತಾನ.
ಗಂಡನ ಹೆಸರು ಕೇಳಿದ.
ಲಗ್ನದಾಗ ಒಡಪ ಹಾಕಿ ಹೇಳಿದ್ದೆ ಒಂದ ಸಲ,
ಬೆಳ್ಳಿ ಬಟ್ಟಲು, ಬಾರಿ ಹಣ್ಣು, ಏನೋ, ಮರತೈತಿ.
ಇವತ್ತ ಒಡಪಿಲ್ದ ಹೇಳಿದೆ:
ಅಮೋಗಸಿದ್ಧ.
ಬಿಸಿ ಅಂಬಲಿ ಗಂಟಲದಾಗ ಇಳದಂಗಾತು.
ಸಾಹೇಬ ಅದನ್ನೂ ತಪ್ಪ ಬರದ.
ಮೊಮ್ಮಗ ತಿದ್ದಿದ.

ಆಮ್ಯಾಲ ಸ್ಟಾಂಪ್ ಪೇಪರಿನ ಮ್ಯಾಲ ಟೈಪ್ ಹೊಡದು
ಓದಿ ಹೇಳಿದ್ರು:
ಗೌರವ್ವ ಮತ್ತ ಗೋದಾವರಿಬಾಯಿ
ಇಬ್ಬರೂ ಒಬ್ಬಾಕಿನ,
ಇದು ಸುಳ್ಳಾದ್ರ ಶಿಕ್ಷಾಕ್ಕ ಗುರಿ.
ಖರೆ ಏನಬೇ? ಅಂದ.
ಒಂದು ಗಳಿಗಿ ನನಗ ಮಾತ ಬರಲಿಲ್ಲ.

ಬರ್ಫ ನೋಡಿದಾಕಿ ನಾ ಅಲ್ಲ.
ಅವರ ಕಾಲಿನ ಎರಡು ಬಟ್ಟು
ಥಂಡಿಗೆ ಕರ್ರಗಾಗಿ ಉದುರಿದ ರಾತ್ರಿ
ದಾಖಲೆದ ಒಳಗ, ಟ್ರಂಕಿನ ಒಳಗ,
ಬಾಜೂಕ ಇದ್ದಾಕಿ ಆಕಿ.
ನಾ ಇಲ್ಲಿ ದೊಡ್ಡ್ಯಾಗ ಕುರಿಮರಿ ಎಣಸತಿದ್ದೆ.
ಹದಿನೇಳು ವರ್ಷ ಜಗಳಿಲ್ದ ಬಾಳೆ ಮಾಡಿದಾಕಿನ್ನ
ಕೆಂಪು ಶಾಯಿದು ಒಂದು ಗೀಟು ಹೊಡದು ತಗೀತಾರಂತ.

ಖರೆ ಅಂದೆ.

ಎರಡು ಹೆಸರಿಗೆ ಎರಡು ಹೆಬ್ಬಟ್ಟು ಬೇಕಂತ.
ನನ್ನದು ಗಟ್ಟಿಯಾಗಿ ಒತ್ತಿದೆ,
ಗೋದಾವರೀದು ಮೆಲ್ಲಕ.
"ಮೂಡಿಲ್ಲಬೇ, ಇನ್ನೊಮ್ಮೆ" ಅಂದ. ಒತ್ತಿದೆ.

ಹೊರಗ ಬಂದು ಮಸಿ ಒರಸಬೇಕಂತ ಗ್ವಾಡಿ ನೋಡಿದ್ರ
ಎದಿಮಟ ನೀಲಿ ಬಟ್ಟು, ಒಂದರ ಮ್ಯಾಲ ಒಂದು,
ಎಷ್ಟ ಮಂದಿ ಬಂದ ಹೋಗ್ಯಾರೋ.
ಜಾಗ ಹುಡುಕಿ ನಾನೂ ಒರಸಿದೆ.
ಮೊಮ್ಮಗ ಎಸ್ಟಿ ಹೊಂಟತು ಅಂತ ಸೆರಗ ಜಗ್ಗತಿದ್ದ.

ಮಿರಜ ದಾಟಿದ ಮ್ಯಾಲ ಗಂಟ ಬಿಚ್ಚಿದ್ವಿ.
ಮಸಿ ಪೂರಾ ಹೋಗಿರಲಿಲ್ಲ, ಮುರಿಯೂದರಾಗ
ರೊಟ್ಟಿಗೆ ಒಂದು ನೀಲಿ ಬಟ್ಟು ಮೂಡಿತು.
"ಒಗಿ ಆಯಿ ಅದನ್ನ" ಅಂದ ಹುಡುಗ.
ಹಿಂಡಿ ಹಚಗೊಂಡು ತಿಂದೆ.