ಕೆಂಪು ಶಾಯಿಯ ಎರಡು ಸಾಲು

ಎಪ್ಪತ್ತೊಂದರ ತಂಡದಲ್ಲಿ ನಾನು ಹದಿನಾಲ್ಕನೆಯವನು.
ಹದಿಮೂರು ಜನ ಆಡುವವರು, ನಾನು ಬರೆಯುವವನು.
ಗೋಲ್‌ಕೀಪರಿಗೆ ಜ್ವರ ಬಂದರೆ ಮಾತ್ರ ಗೋಲ್‌ಕೀಪರು.
ಬೇಳದ ಲಾದ್ರು ಮೊಂತೇರೊ
ಜ್ವರ ಬರುವ ಜಾತಿಯ ಆಳೇ ಅಲ್ಲ.

ಕಾಸರಗೋಡಿನ ನಮ್ಮ ಮೈದಾನವೆಂದರೆ ಮುರಕಲ್ಲಿನ ಬೆನ್ನು.
ಮಳೆ ಬಿಟ್ಟ ಮೇಲೆ ಎರಡು ವಾರ ಹುಲ್ಲು,
ಆಮೇಲೆ ಬರೀ ಕೆಂಪು.
ಬಿದ್ದವನ ಮೊಣಕಾಲಲ್ಲಿ ಮಣ್ಣೆಷ್ಟು ನೆತ್ತರೆಷ್ಟು
ಎಂಬುದು ತೊಳೆದ ಮೇಲೇ ತೀರ್ಮಾನ.
ಬೂಟು ಎಂಟು ಜೊತೆ.
ಮೊಗ್ರಾಲಿನ ಅಂದುಂಞಿಗೆ ಅದು ಬೇಡವೇ ಬೇಡ;
ಚೆಂಡಿನ ಹೊಲಿಗೆ ಎಲ್ಲಿ ಬಿಚ್ಚಿದೆಯೆಂದು
ಅವನ ಹೆಬ್ಬೆರಳಿಗೆ ಗೊತ್ತು.

ಚೆಂಡು ಕೇಳುವುದಕ್ಕೆ ಒಬ್ಬೊಬ್ಬನದು ಒಂದೊಂದು ಬಾಯಿ.
ಐತಪ್ಪ "ಕೊರ್ಲ" ಅಂದರೆ ಅಂದುಂಞಿ "ತಾಡಾ" ಅನ್ನುವನು,
ಲಾದ್ರು ಹಿಂದಿನಿಂದ ಮೂರೂ ಭಾಷೆಯಲ್ಲಿ ಬೈಯುವನು,
ನಡುನಡುವೆ ಕೊಂಕಣಿಯಲ್ಲಿ ದೇವರ ಹೆಸರು.
ಅಂಬು ಮಾಸ್ತರಿಗೆ ಸೀಟಿಯೇ ಸಾಕು:
ಒಂದು ಉದ್ದ ಎಂದರೆ ನಿಲ್ಲು,
ಎರಡು ಗಿಡ್ಡ ಎಂದರೆ, ಕತ್ತೆ, ಇಲ್ಲಿ ಬಾ.

ನನ್ನ ಪುಸ್ತಕದಲ್ಲಿ ಎಲ್ಲವೂ ಕನ್ನಡ.
ಸೆಪ್ಟೆಂಬರ್ ಹದಿನೆಂಟು, ನೀಲೇಶ್ವರದವರ ಮೇಲೆ ಎರಡು–ಸೊನ್ನೆ.
ಪಯ್ಯನ್ನೂರಿನಲ್ಲಿ ಒಂದು–ಒಂದು,
ಕೊನೆಯ ಇಪ್ಪತ್ತು ನಿಮಿಷ ಚೆಂಡು ಬಾವಿಯಲ್ಲಿ.
ತಲಶ್ಶೇರಿಯವರು ಬರಲೇ ಇಲ್ಲ, ಗೆಲುವು ನಮ್ಮದು;
ಅವತ್ತು ಐತಪ್ಪ ಖಾಲಿ ಗೋಲಿಗೆ
ಹನ್ನೊಂದು ಸಲ ಹೊಡೆದ. ಅದನ್ನೂ ಬರೆದೆ.

ಸೆಮಿಫೈನಲು ಕಣ್ಣೂರಿನಲ್ಲಿ, ಕಡಲ ಬದಿಗೆ.
ಸೊನ್ನೆ–ಸೊನ್ನೆ. ಹನ್ನೊಂದು ನಿಮಿಷ ಬಾಕಿ.
ಯಾರದೋ ಬೂಟಿಗೆ ಸಿಕ್ಕಿ ಲಾದ್ರುವಿನ ಕಿರುಬೆರಳು
ಹಿಂದಕ್ಕೆ ತಿರುಗಿ ನಿಂತಿತು.
ಬೆವರಿನ ಜೆರ್ಸಿ ಕಳಚಿ ನನ್ನ ತಲೆಯ ಮೇಲಿಂದ ಇಳಿಸಿದ,
ಪುಸ್ತಕವನ್ನು ಎಡಗೈಯಲ್ಲಿ ಇಸಕೊಂಡ,
"ಬರೀತಾ ಇರ್ತೇನೆ" ಅಂದ.

ಅವರ ಲೆಫ್ಟ್ ಔಟ್ ನಲವತ್ತು ಗಜದಿಂದ ಎತ್ತಿ ಹೊಡೆದ.
ಚೆಂಡು ನನ್ನ ಕಡೆಗೇ ಬರುತ್ತಿತ್ತು,
ಸಾಲ ಕೇಳಲು ಬರುವ ನೆಂಟನ ಹಾಗೆ
ಅವಸರವಿಲ್ಲದೆ, ದಾರಿ ಬದಲಿಸದೆ.
ನಾನು ಗೆರೆಯ ಮೇಲೆ ಕೈ ಚಾಚಿ ಕಾದೆ.
ಕಡಲಿನಿಂದ ಒಂದು ಗಾಳಿ ಬಂತು.

ಮರಳುವ ರೈಲಿನಲ್ಲಿ ಎಲ್ಲರಿಗೂ ನಿದ್ದೆ.
ಅಷ್ಟು ಜನ ಒಟ್ಟಿಗೆ ನಿದ್ದೆ ಮಾಡಿ,
ಒಬ್ಬನೂ ಗೊರಕೆ ಹೊಡೆಯದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.
ಲಾದ್ರು ಎಡಗೈಯಲ್ಲಿ ಏನೂ ಬರೆದಿರಲಿಲ್ಲ.
ಗೋಲು ಹೊಡೆದವರು ಎಂಬ ಕಾಲಮ್ಮಿನಲ್ಲಿ
ನಾನೇ ತುಂಬಿಸಿದೆ: ಗಾಳಿ.

ವಾರದ ಮೇಲೆ ಮಾಸ್ತರು ಪುಸ್ತಕ ಮರಳಿಸಿದರು.
"ಗಾಳಿ"ಗೆ ಅಡ್ಡಗೆರೆ. ಕೆಳಗೆ ಕೆಂಪು ಶಾಯಿಯಲ್ಲಿ
ಉರುಟುರುಟು ಮಲಯಾಳದ ಎರಡು ಸಾಲು.
ಮಾತು ಬರುತ್ತಿತ್ತು ನನಗೆ, ಅಕ್ಷರ ಬರುತ್ತಿರಲಿಲ್ಲ.
ಅಂದುಂಞಿಗೆ ತೋರಿಸಿದ್ದರೆ ಒಂದು ಉಸಿರಿನ ಕೆಲಸ.
ಬೈಗುಳವನ್ನು ಇನ್ನೊಬ್ಬರ ಬಾಯಿಂದ ಯಾಕೆ ಕೇಳಬೇಕು?
ಮಡಚಿ ಟ್ರಂಕಿಗೆ ಹಾಕಿದೆ.

ಮರುವರ್ಷವೂ ಅಲ್ಲೇ ಇದ್ದೆ, ಬಿ.ಎ. ಕೊನೆಯ ವರ್ಷ.
ಸಂಜೆ ನಾಲ್ಕೂವರೆಗೆ ಲೈಬ್ರರಿಯ ಕಿಟಕಿಗೆ
ಸೀಟಿ ಕೇಳುತ್ತಿತ್ತು: ಎರಡು ಗಿಡ್ಡ.
ಯಾವ ಕತ್ತೆಯನ್ನು ಕರೆಯುತ್ತಿದ್ದಾರೋ ಎಂದು
ಪುಟ ತಿರುವುತ್ತಿದ್ದೆ.

ಆಮೇಲೆ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತಿಕೆ.
ಅಡವು, ಅಳತೆ, ನಾಲ್ಕು ದಿಕ್ಕಿನ ಗಡಿ,
ಇನ್ನೊಬ್ಬರ ಜಾಗದ ಪತ್ರ ನಕಲು ಮಾಡುತ್ತ ಮಾಡುತ್ತ
ಆ ಅಕ್ಷರಗಳು ಕೈಗೆ ಹತ್ತಿದವು.
ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಮನೆ ಬದಲಿಸುವಾಗ
ಟ್ರಂಕಿನಿಂದ ಪುಸ್ತಕ ಜಾರಿತು. ನಿಂತಲ್ಲೇ ಓದಿದೆ.

"ಗಾಳಿ ಎರಡೂ ಗೋಲಿಗೆ ಬೀಸುತ್ತದೆ. ಎರಡು ಹೆಜ್ಜೆ ಮುಂದೆ ಬಾ.
ಬರುವ ವರ್ಷ ಲಾದ್ರು ಇರುವುದಿಲ್ಲ."

ಆ ವರ್ಷ ಗೋಲಿನಲ್ಲಿ ನಿಂತದ್ದು ಬ್ಯಾಕ್ ಆಡುತ್ತಿದ್ದ
ಮುಳ್ಳೇರಿಯದ ಕೊರಗಪ್ಪ ನಾಯ್ಕನಂತೆ.
ಎಷ್ಟು ಹಿಡಿದನೋ, ಎಷ್ಟು ಬಿಟ್ಟನೋ,
ಬರೆದಿಟ್ಟವರಿಲ್ಲ.