ನಾಲ್ಕನೆಯ ಸಿಲಿಂಡರಿಗೆ ದಾರಿ

ಮೊದಲು ಗಾಜಿನ ಮೇಲೆ ಗುರುತು ಹಾಕು, ಅಂದ ಪುರೆವ್‌ಜಾವ್,
ವೈಪರು ಈಗ ಎಲ್ಲಿ ಮಲಗಿದೆಯೋ ಅಲ್ಲಿ.
ಎತ್ತಿದ ಮೇಲೆ ಎಲ್ಲಿತ್ತೆಂದು
ಯಾರಿಗೂ ನೆನಪಿರುವುದಿಲ್ಲ.

ಮಗನ ಶಾಲೆಚೀಲದ ಸೀಮೆಸುಣ್ಣ ಗಾಜಿಗೆ ಹತ್ತಲಿಲ್ಲ.
ನಾಮೂಲುನ್ ಜೇಬು ತಡಕಿ
ತುಟಿಬಣ್ಣದಲ್ಲಿ ಎರಡು ಗೆರೆ ಎಳೆದಳು.

ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಉಲಾನ್‌ಬಾತರಿನ ಉತ್ತರದ ಗುಡ್ಡದ ಬುಡದಲ್ಲಿ
ಸರಕಿನ ಕಂಟೇನರೊಂದು ಗ್ಯಾರೇಜಾಗಿದೆ.
ಒಳಗೆ ಒಲೆ, ಒಲೆಯ ಮೇಲೆ ಉಪ್ಪುಹಾಕಿದ ಹಾಲುಚಹಾ,
ನಡುವೆ ಅವಳ ಕಾರು,
ಮೂರು ದಿನದಿಂದ ಮೂರೇ ಕಾಲಿನ ನಾಯಿಯ ಹಾಗೆ
ಕುಂಟುತ್ತ ಬಾಡಿಗೆ ಹೊಡೆದದ್ದು.

ಕೆಟ್ಟಿರುವುದು ಅಂಗೈಯಷ್ಟು ಒಂದು ಕಾಯಿಲು.
ಕಾಣುತ್ತದೆ, ಆದರೆ ಕೈ ಹೋಗುವುದಿಲ್ಲ.
ಕೊಂಕಣ ಸುತ್ತಿ ಮೈಲಾರಕ್ಕೆ ಅನ್ನುವುದು ಇದಕ್ಕೇ:
ಇಂಜಿನ್ನಿಗೆ ಹೋಗಬೇಕಾದರೆ
ಮಳೆ ಒರೆಸುವ ಕೈಗಳನ್ನು ಕಳಚಬೇಕು.

ಪುರೆವ್‌ಜಾವ್ ರಷ್ಯದ ಲಾರಿಗಳ ಕಾಲದವನು.
ಆಗ ಬಾನೆಟ್ಟು ಎತ್ತಿದರೆ
ಒಳಗೆ ಕಾಲು ಇಳಿಬಿಟ್ಟು ಕೂತು
ಊಟ ಮಾಡಬಹುದಿತ್ತಂತೆ.
ಈಗ ಎರಡೂ ಕಣ್ಣಿಗೆ ಪೊರೆ.
ಬೆರಳಿಗೆ ಗೊತ್ತಿದೆ, ಬೆರಳು ನಡುಗುತ್ತದೆ.
ಹಾಗಾಗಿ ಮಾತು ಅವನದು, ಕೈ ಅವಳದು.
ಅವಳಿಗಿದು ಹೊಸದಲ್ಲ:
ಬಲಗಡೆ ಸ್ಟಿಯರಿಂಗಿನ ಕಾರು, ಬಲಗಡೆಯೇ ಓಡುವ ಊರು,
ಲಾರಿಯೊಂದನ್ನು ಹಿಂದಿಕ್ಕುವಾಗಲೆಲ್ಲ
ಎಡಗಡೆ ಕೂತ ಅಪರಿಚಿತನನ್ನು ಕೇಳಬೇಕು,
ಏನಾದರೂ ಬರುತ್ತಿದೆಯೇ ನೋಡಿ ಹೇಳಿ.

ಬುಡದ ಟೋಪಿ ಎಬ್ಬಿಸು. ಹದಿನಾಲ್ಕರ ಸ್ಪ್ಯಾನರು.
ನಟ್ಟು ಬಂತೇ? ಬಂತು.
ತೋಳು ಬಂತೇ? ಇಲ್ಲ.
ಬರುವುದಿಲ್ಲ ಅದು, ಇಷ್ಟು ವರ್ಷ ಹಲ್ಲು ಕಚ್ಚಿ ಕೂತಿದೆ.
ಹೊಡೆಯಬೇಡ. ಎಣ್ಣೆ ಬಿಡು. ಚಹಾ ಕುಡಿ.
ಆಮೇಲೆ ಹಠಮಾರಿ ಕುರಿಯನ್ನು ಏಳಿಸುವ ಹಾಗೆ
ಅತ್ತ ಸ್ವಲ್ಪ, ಇತ್ತ ಸ್ವಲ್ಪ.

ಟಕ್ ಎಂದು ಬಂತು.
ಅವಳು ಕೆಟ್ಟದಾಗಿ ಬೈದಳು, ಸಂತೋಷಕ್ಕೆ.

ಪ್ಲಾಸ್ಟಿಕ್ಕಿನ ಕ್ಲಿಪ್ಪುಗಳು ಚಳಿಗೆ ಬಿಸ್ಕತ್ತು.
ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಬಿಡಿಸಿದರೂ
ಹನ್ನೊಂದರಲ್ಲಿ ಎರಡು ಮುರಿದವು.
ಅಗಲದ ಕರಿ ಹೊದಿಕೆಯನ್ನು
ಅವಳು ಎರಡೂ ಕೈಯಲ್ಲಿ ಎತ್ತಿದಳು,
ನಿದ್ದೆಹೋದ ಮಗುವಿನ ಮೈಮೇಲಿನ ಕಂಬಳಿಯಂತೆ.

ಕೆಳಗೆ ಹದಿನೈದು ವರ್ಷದ ಧೂಳು.
ಗೂಡು ಮಾಡಿ ಬಿಟ್ಟುಹೋದ ಇಲಿಯ ಹತ್ತಿ.
ಹತ್ತಿಯ ಅಡಿಯಲ್ಲಿ ಒಂದು ಎಲೆ,
ಬೀಸಣಿಗೆಯ ಆಕಾರ, ಹಳದಿ ಇನ್ನೂ ಉಳಿದಿದೆ.

ಪುರೆವ್‌ಜಾವ್ ಅದನ್ನು ಬೆರಳಲ್ಲಿ ಓದಿದ.
ನಮ್ಮ ಕಡೆಯ ಮರವಲ್ಲ, ಅಂದ.
ಹಡಗಿನಲ್ಲಿ ಬಂದಿದೆ, ಆಮೇಲೆ ರೈಲಿನಲ್ಲಿ,
ನಿನ್ನ ಕಾರಿನ ಜೊತೆ, ಟಿಕೇಟಿಲ್ಲದೆ.

ಅವಳು ಬಾಗಿಲಂಚಿನ ಹಳೆಯ ಚೀಟಿಯ ಕಡೆ ನೋಡಿದಳು,
ಓದಲಾಗದ ಜಪಾನಿ ಅಕ್ಷರ, ಯಾರದೋ ಸರ್ವೀಸಿನ ದಿನಾಂಕ.
ಆ ಯಾರೋ ಮರದ ಕೆಳಗೇ ನಿಲ್ಲಿಸುತ್ತಿದ್ದರು ಹಾಗಾದರೆ.
ನೆರಳಿಗೋ, ಬೇರೆ ಜಾಗವಿರಲಿಲ್ಲವೋ.

ಕಾಯಿಲು ಬದಲಿಸುವುದು ಹತ್ತೇ ನಿಮಿಷದ ಕೆಲಸ.
ಅದರ ಬಗ್ಗೆ ಹೇಳುವುದೇನೂ ಇಲ್ಲ.

ಎಲ್ಲ ಮರಳಿ ಜೋಡಿಸಿ ನೋಡಿದರೆ
ಬಲಗಡೆಯ ಗೆರೆ ಗಾಜಿನ ಮೇಲಿಲ್ಲ,
ಅವಳ ತೋಳಿನ ಮೇಲಿದೆ, ಕೆಂಪಗೆ.
ಅಂದಾಜಿಗೆ ಕೂರಿಸಿದಳು.
ಕೀಲಿ ತಿರುಗಿಸಿದಾಗ ವೈಪರು ಒಮ್ಮೆ ಬೀಸಿ
ನಾಲ್ಕು ಬೆರಳು ಮೇಲೆಯೇ ನಿಂತಿತು,
ತರಗತಿಯಲ್ಲಿ ಉತ್ತರ ಗೊತ್ತಿದೆಯೋ ಇಲ್ಲವೋ ಎಂಬಂತೆ
ಅರ್ಧ ಕೈ ಎತ್ತಿದ ಹುಡುಗ.

ಇರಲಿ ಬಿಡು, ಅಂದ ಮುದುಕ, ಕಿವಿ ಇಂಜಿನ್ನಿನ ಕಡೆ.
ನಾಲ್ಕೂ ಮಾತಾಡುತ್ತಿವೆ.
ಮಳೆಗೆ ಇನ್ನೂ ಐದು ತಿಂಗಳಿದೆ.

ದುಡ್ಡು ಎಣಿಸಿ ಕೊಟ್ಟು ಅವಳು ಹೊರಟಳು.
ಕಿಸೆಯಲ್ಲಿ ಉಳಿದುಹೋದ ಒಂದು ಕ್ಲಿಪ್ಪು.
ಎಲೆ ಎಲ್ಲಿ ಹೋಯಿತೆಂದು
ಸೇತುವೆ ದಾಟಿದ ಮೇಲೆ ನೆನಪಾಯಿತು.
ಹೊದಿಕೆಯ ಕೆಳಗೇ ಇರಬೇಕು.