ಎಣ್ಣಿ ಮನಷ್ಯಾ ಉಗಿಪಾತ್ರಿ ಕೊಂಡದ್ದು

ಮೂವತ್ತೊಂದು ವರ್ಷ ಆತು, ಗದಗಿನ ಟಾಂಗಾ ಕೂಟದ ಬಾಜೂಕ ನನ್ನ ಗಾಡಿ.
ಎಣ್ಣಿ ಕಾದದ್ದು ಕಣ್ಣಿಗಿಂತ ಮೊದಲ ಕಿವಿಗೆ ತಿಳೀತೈತಿ ನನಗ.
ಹಿಟ್ಟಿನ ಒಂದು ಹನಿ ಬಿಟ್ರ ಸಾಕು:
ಚುಂಯ್ ಅಂದ್ರ ಇನ್ನೂ ತಡಿ,
ಚರ್ರ್ ಅಂದ್ರ ಬಿಡು ಮೆಣಸಿನಕಾಯಿ.
ಸಂತಿ ಇರಲಿ, ಇಲೆಕ್ಷನ್ ಇರಲಿ,
ಈ ಕೈ ಝಾರಿ ಬಿಟ್ಟದ್ದಿಲ್ಲ.

ಈಗ ನೋಡ್ರಿ, ಮಾರ್ಕೆಟ್ ಹಿಂದಿನ ಭಾಂಡೆ ಅಂಗಡ್ಯಾಗ
ಹೊಸಾ ಅಳ್ಯಾನಂಗ ನಿಂತೀನಿ,
ಕೈ ಎಲ್ಲಿಡಬೇಕು ತಿಳೀವಲ್ದು.

ನಿಂಬವ್ವನ ಪಿತ್ತದ ಚೀಲ ತಗದು
ಡಾಕ್ಟರು ಮೂರು ಹಳ್ಳು ಡಬ್ಬ್ಯಾಗ ಹಾಕಿ ಕೊಟ್ರು,
ಹುಣಸಿ ಬೀಜದಷ್ಟು.
"ಎಣ್ಣಿ ಮುಟ್ಟಸಬ್ಯಾಡ್ರಿ. ಉಗಿಯಾಗ ಬೇಸಿದ್ದು ಕೊಡ್ರಿ."
ನನ್ನ ಅಂಗಿ ವಾಸನಿ ಅವರಿಗೂ ಬಡದಿರಬೇಕು,
ಎರಡನೇ ಸಲ ಹೇಳುವಾಗ ನನ್ನ ಮಾರಿ ನೋಡೇ ಹೇಳಿದ್ರು.

ಅಂಗಡಿ ಹುಡುಗಿ ದಿಲಶಾದ. ಹದಿನೆಂಟೋ ಹತ್ತೊಂಬತ್ತೋ.
"ಎಷ್ಟು ಮಂದಿಗೆ, ಕಾಕಾ?"
ಒಬ್ಬಾಕಿಗೆ ಅಂದೆ.
ಆಮ್ಯಾಲ, ಇಬ್ಬರಿಗೆ ಅಂದೆ.

ಕರೆಂಟಿಂದು ತೋರಿಸಿದ್ಲು, ಮೂರು ಅಂತಸ್ತು, ಪ್ಲಾಸ್ಟಿಕ್ ಮೈ,
ಗಂಟಿ ಬಾರಿಸಿ ತಾನ ಆರತೈತಂತ.
ನಮ್ಮ ಓಣ್ಯಾಗ ಕರೆಂಟೂ ತಾನ ಆರತೈತಿ,
ಗಂಟಿ ಬಾರಸಂಗಿಲ್ಲ ಅಷ್ಟ.
ಬಿದರಿನ ಬುಟ್ಟಿ ತೋರಿಸಿದ್ಲು, ಮೋಮೋದವರು ಒಯ್ತಾರಂತ,
ನಮ್ಮ ರೊಟ್ಟಿ ಬುಟ್ಟಿಯ ಸಣ್ಣ ತಂಗಿ ಇದ್ದಂಗಿತ್ತು; ಮೂಸಿ ನೋಡಿ ಇಟ್ಟೆ.
ಹೂವಿನಂಗ ಅರಳೋ ಸ್ಟೀಲಿನ ಜಾಳಗಿ ಒಂದು,
ಬಿಚ್ಚಿದೆ, ಮಡಚಿದೆ, ಬಿಚ್ಚಿದೆ,
"ಕಾಕಾ, ಮುರೀತೈತಿ."
ಅಲ್ಯೂಮಿನಿಯಂದು ಅಗ್ಗ, ಹಗುರ,
ಒಣಗಿದ ಹಪ್ಪಳದಂಥಾ ತಳಾ.

ಅಷ್ಟರಾಗ ನನ್ನ ಕಸಬು ನನಗ ನೆನಪಾತು.
ಬೆರಳ ಗೆಣ್ಣಿಲೆ ತಳಾ ಬಡದು ಕೇಳಿದೆ.
ಹಿಡಿಕಿ ಮೊಳಿ ಅಲಗಾಡಿಸಿದೆ.
ತಾಟು ಎತ್ತಿ ಬೆಳಕಿಗೆ ಹಿಡದೆ, ತೂತಿನ್ಯಾಗ ಕಡ್ಲಿಬ್ಯಾಳಿ ಹಾಯಬಾರದು.
ನೀರಿಗೂ ತಾಟಿಗೂ ನಡಕ ನಾಕು ಬಟ್ಟು ಬೇಕು,
ಇಲ್ಲಂದ್ರ ಕುದಿಯೋ ನೀರು ಹಾರಿ ಕಡಬು ಅಂಬಲಿ ಆಗತಾವು.
ಇದನ್ನ ಯಾರು ಹೇಳಿದ್ರೋ,
ಪಂಚಮಿಗೆ ಹಂಡೇದಾಗ ಜ್ವಾಳದ ದಂಟು ಹಾಸಿ
ಮ್ಯಾಲ ಹಸಿ ಅರಿವಿ ಹೊಚ್ಚತಿದ್ಲಲ್ಲ ಅವ್ವ,
ಆಗ ಕಣ್ಣಿಗೆ ಬಿದ್ದದ್ದಿರಬೇಕು.

ಮುಚ್ಚಳ ಎರಡು ಹಿಡದಳು ದಿಲಶಾದ,
ಸಪಾಟ ಒಂದು, ಗುಮ್ಮಟ ಒಂದು.
"ಸಪಾಟಂದು ಅಳತೈತಿ ಕಾಕಾ, ಹನಿ ನೆಟ್ಟಗ ಅಡಗಿ ಮ್ಯಾಲ.
ಗುಮ್ಮಟದ್ದೂ ಅಳತೈತಿ,
ಆದ್ರ ಗ್ವಾಡಿಗುಂಟ ಇಳಿಸಿಕೋತೈತಿ."
ಯಾರು ಕಲಿಸಿದ್ರವ್ವಾ ಅಂದೆ.
"ಮಾರಿ ಮಾರಿ ಬರತೈತಿ" ಅಂದ್ಲು.

ಗುಮ್ಮಟದ್ದ ತೊಗೊಂಡೆ. ಸ್ಟೀಲು, ಎರಡು ತಾಟು, ಸಾವಿರದ ನೂರಾ ಐವತ್ತು.
ನನ್ನ ನೋಟಿಗೆಲ್ಲ ಜಿಡ್ಡು.
ಎಣಿಸಿದಾಕಿ ಬಟ್ಟು ಒರಸಿಕೊಂಡ್ಲು, ಏನೂ ಅನ್ನಲಿಲ್ಲ.

ಮನ್ಯಾಗ ಅದ ಕಡ್ಲಿಹಿಟ್ಟು, ಅದ ಅಜಿವಾನ,
ಕೋತಂಬ್ರಿ ಮಾತ್ರ ಕೈಬಿಚ್ಚಿ ಹಾಕಿದೆ.
ನೀರು ಎಷ್ಟು? ಅಂದಾಜಿಲೆ ಒಂದು ವಾಟಗಾ ಸುರುವಿದೆ.
ಒಲಿ ಮುಂದ ನಿಂತೆ. ಸಪ್ಪಳನ ಇಲ್ಲ.
ಉಗಿ ಅನ್ನೋದು ಹೇಳದ ಕೇಳದ ಬರೋ ಬೀಗರಂಗ,
ಬಂದೈತೋ ಇಲ್ಲೋ ಯಾರನ್ನ ಕೇಳೋದು?

"ತಳಕ್ಕೊಂದು ಬಿಲ್ಲಿ ಹಾಕ್ರಿ" ಒಳಗಿಂದ ನಿಂಬವ್ವ.
ಗಲ್ಲಾಪೆಟ್ಟಿಗಿ ಮೂಲ್ಯಾಗ ಒಂದು ನಾಕಾಣೆ ಇತ್ತು, ಯಾರೂ ತೊಗೊಳ್ಳದ್ದು.
ಬೂದಿ ಹಚ್ಚಿ ತಿಕ್ಕಿ ಹಾಕಿದೆ.
ಟಕಟಕ, ಟಕಟಕ.
ಕಿವಿಗೆ ಜೀವ ಬಂತು.

ನಾಳಿನ ಹಿಟ್ಟಿನ ಲೆಕ್ಕ ಹಾಕತ ಹೊಸ್ತಿಲ ಮ್ಯಾಲ ಕುಂತೆ.
ಇಷ್ಟು ವರ್ಷ ಆಕಿ ಕಲಸಿದ್ಲು, ನಾ ಕರದೆ, ಊರು ತಿಂತು.
ಆಕಿ ಯಾವಾಗ ತಿಂತಿದ್ಲು?
ಗಾಡಿ ತೊಳದ ಮ್ಯಾಲೋ, ನಿಂತೋ, ಕುಂತೋ,
ಎಷ್ಟು ನೆನಸಿದ್ರೂ

"ರೀ, ನಾಕಾಣೆ ಸುಮ್ನಾತು.
ನೀರು ಹಾಕ್ರಿ."